ಗ್ಯಾಸ್ ತುಂಬಿದ್ದ ಗೋಪುರದಲ್ಲಿ ಬಾಡಿಗೆ ಮನೆ

ಹಳೆಯ ಕಾರ್ಖಾನೆಯನ್ನು ಕೆಡವದೆ ಅದರೊಳಗೇ ಮನೆ, ಅಂಗಡಿ, ಮಕ್ಕಳ ಶಾಲೆ ಮಾಡಿಕೊಳ್ಳಬಹುದು ಎಂದರೆ ಹೊಸಬರು ಮೊದಲು ಕೇಳುವುದು ಒಂದೇ ಪ್ರಶ್ನೆ: ಆ ಗೋಡೆಗಳು ತಡೆಯುತ್ತವೆಯೇ? ಎಷ್ಟೋ ಸಲ ತಡೆಯುತ್ತವೆ. ಪೇಚು ಬೇರೆ ಕಡೆ ಇರುತ್ತದೆ. ಅದು ಎಲ್ಲಿದೆ ಎಂದು ತಿಳಿಯಲು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ಗ್ಯಾಸೋಮೀಟರುಗಳನ್ನು ನೋಡೋಣ.

ಇವು ಗ್ಯಾಸ್ ಕೂಡಿಡುವ ಟ್ಯಾಂಕುಗಳು. ಕಲ್ಲಿದ್ದಲನ್ನು ಗಾಳಿ ತಾಕದಂತೆ ಕಾಯಿಸಿ ತೆಗೆದ ಗ್ಯಾಸಿನಿಂದ ಬೀದಿದೀಪ ಉರಿಯುತ್ತಿದ್ದ ಕಾಲದಲ್ಲಿ, 1896ರಿಂದ 1899ರೊಳಗೆ, ಸಿಮ್ಮರಿಂಗ್ ಎಂಬಲ್ಲಿ ಇಂಥ ನಾಲ್ಕನ್ನು ಸಾಲಾಗಿ ಕಟ್ಟಿದರು. ಒಂದೊಂದರ ಎತ್ತರ ಸುಮಾರು 70 ಮೀಟರ್, ಅಡ್ಡಳತೆ ಸುಮಾರು 60 ಮೀಟರ್. ಒಳಗೆ ನೀರಿನ ಮೇಲೆ ಬೋರಲು ಹಾಕಿದ ಕೊಳಗದಂಥ ಲೋಹದ ಪಾತ್ರೆ ಇತ್ತು. ಗ್ಯಾಸ್ ತುಂಬಿದಂತೆ ಅದು ಮೇಲೇಳುವುದು, ಖರ್ಚಾದಂತೆ ಇಳಿಯುವುದು. ಹೊರಗಿನ ಇಟ್ಟಿಗೆ ಗೋಡೆ ಅದಕ್ಕೆ ಹೊದಿಕೆ, ಅಷ್ಟೆ.

ನೈಸರ್ಗಿಕ ಅನಿಲ ಬಂದ ಮೇಲೆ ಇವುಗಳಿಗೆ ಕೆಲಸ ತಪ್ಪಿತು. 1984ರಲ್ಲಿ ಬಳಕೆ ನಿಂತಿತು. ಗೋಡೆಗಳು ಸಂರಕ್ಷಿತ ಸ್ಮಾರಕವಾದ್ದರಿಂದ ಕೆಡವುವ ಹಾಗೂ ಇರಲಿಲ್ಲ. 1987ರ ಒಂದು ಜೇಮ್ಸ್ ಬಾಂಡ್ ಚಿತ್ರದಲ್ಲೂ ಇವು ಕಾಣಿಸಿಕೊಂಡವು.

1999ರಿಂದ 2001ರವರೆಗೆ ನಡೆದ ಮರುನಿರ್ಮಾಣದಲ್ಲಿ ನಾಲ್ಕು ಗೋಪುರಗಳನ್ನು ನಾಲ್ಕು ಬೇರೆ ಬೇರೆ ವಾಸ್ತುಶಿಲ್ಪಿಗಳಿಗೆ ಒಪ್ಪಿಸಿದರು. ಪೇಚು ಎದುರಾದದ್ದು ಇಲ್ಲಿ. ಗ್ಯಾಸಿಗೆ ಬೆಳಕು ಬೇಡ, ಮನುಷ್ಯರಿಗೆ ಬೇಕು. ದಪ್ಪ ಗೋಡೆಯ ದುಂಡನೆಯ ಕಟ್ಟಡದೊಳಗೆ ಮನೆಗಳನ್ನು ಒತ್ತೊತ್ತಾಗಿ ತುಂಬಿದರೆ ನಡುವಿನವರಿಗೆ ಹಗಲಲ್ಲೂ ಲೈಟು ಹಾಕಿಕೊಂಡೇ ಇರಬೇಕಾದೀತು. ಫ್ರಾನ್ಸಿನ ಜ್ಯಾಂ ನೂವೆಲ್ ಒಳಸುತ್ತಿನ ಮನೆಗಳನ್ನು ಒಂಬತ್ತು ತುಂಡು ಮಾಡಿ, ನಡುನಡುವೆ ಸಂದು ಬಿಟ್ಟು, ಬೆಳಕು ಪ್ರತಿಫಲಿಸುವ ಹೊರಮೈ ಕೊಟ್ಟರು. ಮಾನ್‌ಫ್ರೆಡ್ ವೇಡಾರ್ನ್ ಮಹಡಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ಒಳ ಅಂಗಳ ಉಳಿಸಿದರು. ವಿಲ್ಹೆಲ್ಮ್ ಹೋಲ್ಜ್‌ಬೌವರ್ ಅಂಗಳವನ್ನೇ ತಿರುಗುಮುರುಗು ಮಾಡಿದರು: ಕಟ್ಟಡ ನಡುವೆ, ಅಲ್ಲಿಂದ ಮೂರು ತೋಳು, ತೋಳುಗಳ ಮಧ್ಯದ ಖಾಲಿ ಜಾಗ ಹಳೆಯ ಗೋಡೆಯ ಪಕ್ಕಕ್ಕೆ. ಕೂಪ್ ಹಿಮ್ಮೆಲ್‌ಬ್ಲೌ ಸಂಸ್ಥೆ ಒಳಗೆ ಕಟ್ಟಿದ್ದು ಸಾಲದೆಂದು ಹೊರಗೂ ಗುರಾಣಿಯಂತೆ ಬಾಗಿದ ಒಂದು ಕಟ್ಟಡ ನಿಲ್ಲಿಸಿತು. ಇದು ನೋಡಲು ಸ್ವಲ್ಪ ಅಬ್ಬರ. ನನಗೆ ಹೋಲ್ಜ್‌ಬೌವರ್ ಅವರ ಉಪಾಯವೇ ಹೆಚ್ಚು ಜಾಣತನದ್ದೆನಿಸುತ್ತದೆ.

ಒಂದರ ಮೇಲೊಂದರಂತೆ ಬಳಕೆಗಳನ್ನೂ ಹಂಚಿದರು. ಕೆಳಗೆ ಅಂಗಡಿಗಳು, ನಡುವೆ ಕಚೇರಿಗಳು, ಮೇಲೆ ಸುಮಾರು 600 ಮನೆಗಳು. ಜೊತೆಗೆ ವಿದ್ಯಾರ್ಥಿನಿಲಯ, ಶಿಶುವಿಹಾರ, ಸಂಗೀತ ಸಭಾಂಗಣ, ನಗರದ ದಾಖಲೆಗಳ ಭಂಡಾರ.

ಬಾಡಿಗೆ ಕೈಗೆಟುಕುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ಹಳೆಯ ಗೋಡೆ ಇದ್ದ ಮಾತ್ರಕ್ಕೆ ಮನೆ ಅಗ್ಗವಾಗುವುದಿಲ್ಲ. ರಿಪೇರಿಗೇ ದುಡ್ಡು ಸುರಿಯಬೇಕಾಗುತ್ತದೆ. ವಿಯೆನ್ನಾ 1920ರ ದಶಕದಿಂದ ಸಾರ್ವಜನಿಕ ವಸತಿಗೆ ಹಣ ಹಾಕುತ್ತಾ ಬಂದ ನಗರ. ಅಲ್ಲಿನ ಸುಮಾರು ಅರ್ಧದಷ್ಟು ಜನ ನಗರಾಡಳಿತದ ಅಥವಾ ಅದರ ನೆರವಿನಿಂದ ಕಟ್ಟಿದ ಮನೆಗಳಲ್ಲಿದ್ದಾರೆ. ಲಾಭಕ್ಕೆ ಮಿತಿ ಇರುವ ವಸತಿ ಸಂಘಗಳು ಕಟ್ಟುತ್ತವೆ, ನಗರ ಸಾಲ ಸಹಾಯಧನ ಕೊಡುತ್ತದೆ, ಬಾಡಿಗೆಯನ್ನು ಕಟ್ಟಿದ ಖರ್ಚಿನ ಲೆಕ್ಕದಲ್ಲಿ ನಿಗದಿ ಮಾಡುತ್ತಾರೆ. ಗ್ಯಾಸೋಮೀಟರಿನ ಮನೆಗಳಿಗೂ ಇಂಥ ನೆರವು ಸಿಕ್ಕಿತು. ಈ ಏರ್ಪಾಡಿಲ್ಲದ ಊರಿನಲ್ಲಿ ಇದೇ ಗೋಪುರ ಶ್ರೀಮಂತರ ಪಾಲಾಗುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಎಲ್ಲವೂ ಗೆದ್ದಿತು ಎಂದಲ್ಲ. ಮನೆಗಳು ತುಂಬಿದವು, ಮಾಲ್ ಸೊರಗಿತು. ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಆ ಜಾಗಗಳನ್ನು ಆಮೇಲೆ ಸಂಗೀತಕ್ಕೆ ಸಂಬಂಧಿಸಿದ ಅಂಗಡಿ, ಶಾಲೆಗಳ ಕಡೆಗೆ ತಿರುಗಿಸಬೇಕಾಯಿತು. ಕೆಲವು ನೂರು ಮನೆಗಳ ಗಿರಾಕಿಯನ್ನೇ ನಂಬಿ ಅಷ್ಟು ದೊಡ್ಡ ಮಾಲ್ ಬದುಕುವುದು ಕಷ್ಟ. ಮಿಶ್ರ ಬಳಕೆ ಎಂದು ನಕ್ಷೆ ಬರೆಯುವವರು ಅಂಗಡಿಯ ಅಳತೆಯನ್ನು ಎರಡು ಸಲ ನೋಡಬೇಕಾದದ್ದು ಇದಕ್ಕೇ.

ಹೋಗಿ ನೋಡುವ ಮನಸ್ಸಿದ್ದರೆ ಮೆಟ್ರೋದ ಯು3 ಮಾರ್ಗದಲ್ಲಿ ಗ್ಯಾಸೋಮೀಟರ್ ಎಂಬ ನಿಲ್ದಾಣವೇ ಇದೆ, 2000ದ ಡಿಸೆಂಬರಿನಲ್ಲಿ ತೆರೆದದ್ದು. ಕೆಳಗಿನ ಮಹಡಿಗಳಲ್ಲಿ ಧಾರಾಳವಾಗಿ ಅಡ್ಡಾಡಿ. ಮೇಲಿರುವುದು ಜನರ ಮನೆ. ಹೇಳದೆ ಕೇಳದೆ ಬಾಗಿಲು ತಟ್ಟಬೇಡಿ.