ಗೋಡೆಯ ಗುಣ ತಿಳಿದು ಬಣ್ಣ ಆರಿಸಿ

ಸುಗ್ಗಿ ಮುಗಿದು ಕೈಗೆ ನಾಲ್ಕು ಕಾಸು ಬಂದಾಗ, ಇಲ್ಲವೆ ಮನೆಯಲ್ಲಿ ಮದುವೆ ನಿಶ್ಚಯವಾದಾಗ, ಮನೆಗೆ ಬಣ್ಣ ಬಳಿಸುವ ಮಾತು ಏಳುವುದು ಸಹಜ. ಹೆಚ್ಚಿನವರು ಪೇಟೆಗೆ ಹೋಗಿ, ಅಂಗಡಿಯಲ್ಲಿ ಬಣ್ಣದ ಪಟ್ಟಿ ನೋಡಿ, ಕಣ್ಣಿಗೆ ಹಿಡಿಸಿದ್ದನ್ನು ಕೊಂಡು ತರುತ್ತಾರೆ. ಒಂದು ಮಳೆಗಾಲ ಕಳೆಯುವುದರೊಳಗೆ ಬಣ್ಣ ಉಬ್ಬಿ ಉದುರಿದರೆ ಬಣ್ಣವನ್ನೋ ಬಳಿದವನನ್ನೋ ದೂರುತ್ತಾರೆ. ಅನೇಕ ಸಲ ತಪ್ಪು ಎರಡರದೂ ಅಲ್ಲ. ಗೋಡೆಗೂ ಬಣ್ಣಕ್ಕೂ ಹೊಂದಾಣಿಕೆ ಇಲ್ಲದಿರುವುದೇ ಕಾರಣ. ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕುವಂತೆ, ಗೋಡೆ ಪರೀಕ್ಷೆ ಮಾಡಿ ಬಣ್ಣ ಆರಿಸಬೇಕು.

ಮೊದಲು ಗೋಡೆಯನ್ನು ಪರೀಕ್ಷಿಸಿ

ಮಣ್ಣಿನ ಗೋಡೆ ಮತ್ತು ಸುಣ್ಣದ ಗಾರೆಯ ಗೋಡೆಗಳು ತೇವವನ್ನು ಹೀರಿ, ಬಿಸಿಲು ಗಾಳಿಗೆ ಅದನ್ನು ಹೊರಬಿಡುತ್ತವೆ. ಇಂಥ ಗೋಡೆಗೆ ಎಣ್ಣೆ ಬಣ್ಣ ಬಳಿದರೆ ತೇವ ಹೊರಬರುವ ದಾರಿ ಮುಚ್ಚುತ್ತದೆ. ಒಳಗೆ ಉಳಿದ ತೇವ ಬಣ್ಣವನ್ನು ಗುಳ್ಳೆಯಾಗಿ ಎಬ್ಬಿಸುತ್ತದೆ; ಮಣ್ಣಿನ ಗೋಡೆಯಾದರೆ ಒಳಮೈಯೂ ಸಡಿಲವಾಗುತ್ತದೆ. ಆದ್ದರಿಂದ ಇವಕ್ಕೆ ಸುಣ್ಣವೇ ಯೋಗ್ಯ.

ಸಿಮೆಂಟ್ ಗಾರೆಯ ಗೋಡೆಗೆ ಡಿಸ್ಟೆಂಪರ್, ಎಮಲ್ಶನ್ ಅಥವಾ ಎಣ್ಣೆ ಬಣ್ಣ ಹಚ್ಚಬಹುದು. ಆದರೆ ಹೊಸ ಸಿಮೆಂಟ್ ಗಾರೆಯಲ್ಲಿ ಕ್ಷಾರದ ಅಂಶ ಹೆಚ್ಚಿರುತ್ತದೆ. ಕ್ಷಾರವೂ ಎಣ್ಣೆಯೂ ಸೇರಿದರೆ ಸಾಬೂನಾಗುವುದು ನಿಮಗೆ ಗೊತ್ತಿದೆ. ಗೋಡೆಯ ಮೇಲೂ ಅದೇ ಆಗುತ್ತದೆ. ಬಣ್ಣ ಮೆತ್ತಗಾಗಿ ಅಂಟಂಟಾಗುತ್ತದೆ. ಹೊಸ ಗೋಡೆಗೆ ಮೊದಲ ವರ್ಷ ಸುಣ್ಣ ಬಳಿದು, ಚೆನ್ನಾಗಿ ಒಣಗಿದ ಮೇಲೆ ಎಣ್ಣೆ ಬಣ್ಣದ ವಿಚಾರ ಮಾಡುವುದು ಲೇಸು.

ಗೋಡೆಯಲ್ಲಿ ತೇವವಿದೆಯೇ ಎಂದು ತಿಳಿಯಲು ಒಂದು ಅಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಗೋಡೆಗೆ ಗಾಳಿಯಾಡದಂತೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿಗಳು ಕಂಡರೆ ತೇವ ಗೋಡೆಯಿಂದ ಬರುತ್ತಿದೆ ಎಂದರ್ಥ. ಹೊರಬದಿಯಲ್ಲಿ ಮಾತ್ರ ಹನಿ ಕಂಡರೆ ಅದು ಕೋಣೆಯ ಗಾಳಿಯ ತೇವ. ಕಿಟಕಿ ತೆರೆದಿಟ್ಟರೆ ಕಡಿಮೆಯಾದೀತು.

ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಕಾಣಿಸಿಕೊಂಡರೆ ಬಣ್ಣ ಕೊಳ್ಳುವ ಮೊದಲು ಗೋಡೆಯ ಆಚೆ ಬದಿಯನ್ನು ನೋಡಿ. ಬಚ್ಚಲ ನೀರು ನಿಲ್ಲುತ್ತಿರಬಹುದು. ಕೊಟ್ಟಿಗೆ ಇದ್ದರೆ ದನಗಳ ಗಂಜಲ ನೆಲಕ್ಕಿಳಿದು, ಅದರ ಸಾರಜನಕ ನೈಟ್ರೇಟ್ ಉಪ್ಪಾಗಿ ಮಾರ್ಪಟ್ಟು, ತೇವದೊಡನೆ ಗೋಡೆಗೆ ಏರುತ್ತದೆ. ಇದಕ್ಕೆ ಬಣ್ಣ ಮದ್ದಲ್ಲ. ಗಂಜಲ ಗೊಬ್ಬರದ ಗುಂಡಿಗೆ ಹರಿಯುವಂತೆ ಕಾಲುವೆ ಮಾಡಿ. ಗೋಡೆಯೂ ಉಳಿಯುತ್ತದೆ, ಗೊಬ್ಬರದ ಸತ್ವವೂ ಹೆಚ್ಚುತ್ತದೆ.

ಬಣ್ಣವೂ ಬೆಳಕೂ

ಬಿಳಿ ಸುಣ್ಣದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಕೋಣೆಗೆ ಹಿಂದಿರುಗಿಸುತ್ತದೆ. ತಿಳಿ ಹಳದಿ, ಕೆನೆ ಬಣ್ಣಗಳು ಅದಕ್ಕೆ ಸಮೀಪದವು. ಗಾಢ ಕೆಂಪು, ಕಂದು, ಕಡು ನೀಲಿ ಬಣ್ಣಗಳು ಹೆಚ್ಚಿನ ಬೆಳಕನ್ನು ನುಂಗಿಬಿಡುತ್ತವೆ. ಒಂದೇ ಕಿಟಕಿಯ ನಡುಮನೆಗೆ ಕಡು ಬಣ್ಣ ಹಚ್ಚಿದರೆ ಹಗಲಿನಲ್ಲೂ ದೀಪ ಹಚ್ಚಬೇಕಾದೀತು. ಮಕ್ಕಳು ಓದುವ ಕೋಣೆಗೂ, ಮಾಡಿನ ಒಳಮೈಗೂ ತಿಳಿ ಬಣ್ಣವೇ ಇರಲಿ.

ಉತ್ತರಕ್ಕೆ ಕಿಟಕಿ ಇರುವ ಕೋಣೆಯ ಬೆಳಕು ತಂಪು. ಅಲ್ಲಿ ತಿಳಿ ಹಳದಿ ಅಥವಾ ಕೆನೆ ಬಣ್ಣ ಲವಲವಿಕೆ ಕೊಡುತ್ತದೆ. ಸಂಜೆ ಬಿಸಿಲು ಹೊಡೆಯುವ ಪಶ್ಚಿಮದ ಕೋಣೆಗೆ ತಿಳಿ ಹಸಿರು, ತಿಳಿ ನೀಲಿ ಹಿತ.

ಹೊಳಪು ಎಲ್ಲಿ ಬೇಕು?

ಹೊಳಪಿನ ಬಣ್ಣವನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು. ಆದರೆ ಗೋಡೆಯ ಉಬ್ಬುತಗ್ಗುಗಳನ್ನೆಲ್ಲ ಎತ್ತಿ ತೋರಿಸುತ್ತದೆ. ಹೊಳಪಿಲ್ಲದ್ದು ಅಂಕುಡೊಂಕನ್ನು ಮರೆಮಾಡುತ್ತದೆ. ಕಲೆ ಬಿದ್ದರೆ ಮಾತ್ರ ತೆಗೆಯುವುದು ಕಷ್ಟ.

ಅಡಿಗೆಮನೆ: ಸಿಮೆಂಟ್ ಗಾರೆಯಾಗಿದ್ದರೆ ನೆಲದಿಂದ 4–5 ಅಡಿ ಎತ್ತರದವರೆಗೆ ಎಣ್ಣೆ ಬಣ್ಣ ಹಚ್ಚಿ, ಮೇಲೆ ಸುಣ್ಣ ಬಳಿಯಿರಿ. ಸೌದೆ ಒಲೆಯ ಮಸಿಯನ್ನು ಮೊದಲು ಸೋಡಾ ನೀರಿನಿಂದ ತೊಳೆಯದಿದ್ದರೆ ಹೊಸ ಬಣ್ಣದ ಮೇಲೂ ಕಂದು ಕಲೆ ಹೊಮ್ಮುತ್ತದೆ.

ಪಡಸಾಲೆ, ಜಗಲಿ: ಜನ ಒರಗಿ ಕೂರುವ ಕಡೆ ಸುಣ್ಣ ಬಟ್ಟೆಗೆ ಮೆತ್ತುತ್ತದೆ. ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಬಳಿಯುವ ನಮ್ಮ ಹಿರಿಯರ ಪದ್ಧತಿ ಒಳ್ಳೆಯದು. ಮಳೆಯ ಸಿಡಿತ, ಕಾಲ್ಧೂಳು ಅದರ ಮೇಲೆ ಎದ್ದು ಕಾಣುವುದಿಲ್ಲ.

ಕಾಳಿನ ಕೋಣೆ: ಇಲ್ಲಿ ಬಿಳಿ ಸುಣ್ಣವೇ ಸರಿ. ಬಿರುಕುಗಳಲ್ಲಿ ಅಡಗುವ ಕೀಟಗಳು ಹೊಸ ಕಾಳಿಗೆ ಹತ್ತುತ್ತವೆ. ಬಿರುಕು ತುಂಬಿ ಸುಣ್ಣ ಬಳಿದರೆ ಅಡಗುತಾಣ ಕಡಿಮೆಯಾಗುತ್ತದೆ, ಬಿಳಿ ಗೋಡೆಯ ಮೇಲೆ ಹುಳುವೂ ತೇವದ ಕಲೆಯೂ ಕೂಡಲೆ ಕಾಣುತ್ತವೆ. ಸುಣ್ಣ ಪೂರ್ತಿ ಒಣಗುವವರೆಗೆ ಮೂಟೆ ಒಟ್ಟಬೇಡಿ. ಆಮೇಲೂ ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿಯಾದರೂ ದೂರದಲ್ಲಿಡಿ.

ಸುಣ್ಣ ತಯಾರಿಸುವ ಕ್ರಮ

1. ಹೊಸದಾಗಿ ಸುಟ್ಟ ಸುಣ್ಣದ ಕಲ್ಲನ್ನೇ ಕೊಳ್ಳಿ. ಗಾಳಿಗೆ ಬಿದ್ದು ತಾನಾಗಿ ಪುಡಿಯಾದ ಸುಣ್ಣಕ್ಕೆ ಹಿಡಿತ ಕಡಿಮೆ.

2. ಕಬ್ಬಿಣದ ಡ್ರಮ್ಮಿನಲ್ಲಿ ನೀರು ತುಂಬಿಸಿ, ಅದಕ್ಕೆ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ. ಸುಣ್ಣದ ಮೇಲೆ ನೀರು ಸುರಿಯಬೇಡಿ; ಕುದಿದು ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಬೇಡ. ಮಕ್ಕಳು ಹತ್ತಿರ ಸುಳಿಯದಿರಲಿ.

3. 24 ಗಂಟೆ ನೆನೆಯಲು ಬಿಟ್ಟು, ಒಂದು ಕಿಲೋ ಸುಣ್ಣಕ್ಕೆ ಒಟ್ಟು ಸುಮಾರು 5 ಲೀಟರ್ ನೀರಿನಂತೆ ಕದಡಿ, ಒರಟು ಬಟ್ಟೆಯಲ್ಲಿ ಸೋಸಿ.

4. ಲೀಟರಿಗೆ ಸುಮಾರು 4 ಗ್ರಾಂ ಅಂಟನ್ನು ಬಿಸಿ ನೀರಿನಲ್ಲಿ ಕರಗಿಸಿ ಸೇರಿಸಿ. ಅಚ್ಚ ಬಿಳುಪಿಗೆ ಚಿಟಿಕೆ ನೀಲಿ ಸಾಕು.

5. ಬಣ್ಣ ಬೇಕಾದರೆ ಕೆಮ್ಮಣ್ಣು, ಹಳದಿ ಮಣ್ಣಿನಂಥ ಖನಿಜ ಬಣ್ಣಗಳನ್ನು ಬೆರೆಸಿ. ಬೇರೆ ಹಲವು ಬಣ್ಣಗಳು ಸುಣ್ಣದ ಕ್ಷಾರಕ್ಕೆ ಮಾಸುತ್ತವೆ. ಒಂದು ಕೋಣೆಗೆ ಬೇಕಾದಷ್ಟನ್ನು ಒಮ್ಮೆಲೇ ಕಲಸಿ. ಎರಡನೆಯ ಸಲ ಅದೇ ಬಣ್ಣ ಬರುವುದು ಕಷ್ಟ.

6. ಗೋಡೆಗೆ ನೀರು ಚಿಮುಕಿಸಿ ತೆಳುವಾಗಿ ಬಳಿಯಿರಿ. ಒಂದು ಕೈ ಒಣಗಿದ ಮೇಲೆಯೇ ಇನ್ನೊಂದು ಕೈ. ಹೊಸ ಗೋಡೆಗೆ ಮೂರು ಕೈ ಬೇಕು. ಹಸಿಯಿದ್ದಾಗ ಮಂಕಾಗಿ ಕಾಣುವ ಸುಣ್ಣ, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗಿ ಗಟ್ಟಿಯಾದಂತೆ ಬಿಳುಪೇರುತ್ತದೆ.

ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕೂಡಲೆ ಶುದ್ಧ ನೀರಿನಿಂದ ಕಡೇಪಕ್ಷ 15–20 ನಿಮಿಷ ತೊಳೆದು, ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ.

ಹಳೆಯ ಬಣ್ಣದಲ್ಲಿ ಸೀಸ

ಹಳೆಯ ಕಿಟಕಿ, ಬಾಗಿಲುಗಳ ಎಣ್ಣೆ ಬಣ್ಣದಲ್ಲಿ, ಅದರಲ್ಲೂ ಹಳದಿ, ಕೆಂಪು ಬಣ್ಣಗಳಲ್ಲಿ, ಸೀಸ ಇರುವ ಸಂಭವ ಹೆಚ್ಚು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಬಣ್ಣದ ಚಕ್ಕೆ ನೆಕ್ಕಿದ ಕರುಗಳೂ ಸಾಯುವುದುಂಟು. ಹಳೆಯ ಬಣ್ಣವನ್ನು ಒಣದಾಗಿ ಉಜ್ಜಬೇಡಿ, ಸುಡಬೇಡಿ. ನೀರು ಹಚ್ಚಿ ಮರಳು ಕಾಗದದಿಂದ ಉಜ್ಜಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಚಕ್ಕೆಗಳನ್ನು ಕೂಡಿಸಿ ಚೀಲದಲ್ಲಿ ಕಟ್ಟಿಡಿ. ತಿಪ್ಪೆಗೆ ಹಾಕಿದರೆ ಗೊಬ್ಬರದೊಡನೆ ಹೊಲ ಸೇರುತ್ತದೆ. ಗೋದಲಿಗೆ ಎಣ್ಣೆ ಬಣ್ಣ ಹಚ್ಚಲೇಬೇಡಿ.

ಕೇಂದ್ರ ಸರ್ಕಾರದ 2016ರ ನಿಯಮದಂತೆ, 2017ರ ನವೆಂಬರ್ 1ರಿಂದ ತಯಾರಾಗುವ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರುವಂತಿಲ್ಲ. ಡಬ್ಬಿಯ ಮೇಲಿನ ಚೀಟಿ ಓದಿಯೇ ಕೊಳ್ಳಿ.

ಕೊಳ್ಳುವ ಮೊದಲು

ಅಂಗಡಿಯ ಪಟ್ಟಿಯಲ್ಲಿ ಅಂಗುಲದಷ್ಟು ಕಂಡ ಬಣ್ಣ ಕೋಣೆ ತುಂಬ ಹರಡಿದಾಗ ಹೆಚ್ಚು ಗಾಢವಾಗಿ ತೋರುತ್ತದೆ. ಚಿಕ್ಕ ಡಬ್ಬಿ ತಂದು, ಎರಡು ಅಡಿ ಚದರ ಬಳಿದು, ಒಣಗಿದ ಮೇಲೆ ಬೆಳಿಗ್ಗೆ, ಮಧ್ಯಾಹ್ನ ಮತ್ತು ರಾತ್ರಿ ದೀಪದಲ್ಲಿ ನೋಡಿ. ಮನೆಯ ಹೆಣ್ಣುಮಕ್ಕಳ ಅಭಿಪ್ರಾಯ ಕೇಳಿ. ಆ ಗೋಡೆಗಳ ನಡುವೆ ಹೆಚ್ಚು ಹೊತ್ತು ಕೆಲಸ ಮಾಡುವವರು ಅವರು.

ಬೇಕಾಗುವ ಬಣ್ಣದ ಲೆಕ್ಕ ಸುಲಭ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ನಾಲ್ಕು ಗೋಡೆಗಳು 440 ಚದರಡಿ. ಬಾಗಿಲು, ಕಿಟಕಿಗೆ 40 ಕಳೆದರೆ 400. ಎರಡು ಕೈಗೆ 800 ಚದರಡಿ. ಒಂದು ಲೀಟರ್ ಎಷ್ಟು ಚದರಡಿಗೆ ಸಾಕೆಂದು ಡಬ್ಬಿಯ ಮೇಲೆ ನೋಡಿ ಭಾಗಿಸಿ.

ಕೊನೆಯದಾಗಿ, ಹಳೆಯ ಸುಣ್ಣದ ಮೇಲೆ ಡಿಸ್ಟೆಂಪರ್ ಅಥವಾ ಎಮಲ್ಶನ್ ಹಚ್ಚುವುದಾದರೆ ಸುಣ್ಣವನ್ನು ಪೂರ್ತಿ ಕೆರೆದು ತೆಗೆಯಿರಿ. ಕೈಯಿಂದ ಉಜ್ಜಿದಾಗ ಬಿಳಿ ಪುಡಿ ಅಂಟಿದರೆ ಗೋಡೆ ಇನ್ನೂ ಸಿದ್ಧವಾಗಿಲ್ಲ. ಮಳೆಗಾಲ ಕಳೆದು ಗೋಡೆ ಒಣಗಿದ ಮೇಲೆ ಕೆಲಸಕ್ಕೆ ಕೈಹಾಕಿ. ಹದ ನೋಡಿ ಬಿತ್ತಿದ ಬೀಜದಂತೆ, ಹದ ನೋಡಿ ಬಳಿದ ಬಣ್ಣವೂ ನಿಲ್ಲುತ್ತದೆ.