ಲಾರಿಯ ಭಾರ, ರಸ್ತೆಯ ಆಯುಸ್ಸು



ಅಲ್ ಮುರಕ್ಕಬಾತ್‌ನ ನುಣುಪಾದ ರಸ್ತೆಗಳಲ್ಲಿ ದಿನವೂ ಓಡಾಡುವ ನಾವು, ರಜೆಯಲ್ಲಿ ಊರಿಗೆ ಹೋದಾಗ ಗುಂಡಿಗಳನ್ನು ಕಂಡು ಮಳೆಯನ್ನು ದೂರುತ್ತೇವೆ. ಮಳೆಯ ಪಾಲು ಇದೆ, ನಿಜ. ಆದರೆ ಎಷ್ಟೋ ಕಡೆ ರಸ್ತೆಯನ್ನು ಮೊದಲು ಸೀಳುವುದು ಮಿತಿಮೀರಿದ ಭಾರ.

ಡಾಂಬರು ರಸ್ತೆಯಲ್ಲಿ ಪದರಗಳಿವೆ. ಕೆಳಗೆ ಗಟ್ಟಿಮಾಡಿದ ಮಣ್ಣು, ಅದರ ಮೇಲೆ ಜಲ್ಲಿ, ಎಲ್ಲಕ್ಕೂ ಮೇಲೆ ಡಾಂಬರು. ಚಕ್ರ ಹಾದಾಗಲೆಲ್ಲ ರಸ್ತೆ ಕಣ್ಣಿಗೆ ಕಾಣದಷ್ಟು ಬಾಗಿ ಮೇಲೇಳುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವುದಲ್ಲವೇ? ಹಾಗೆಯೇ ಡಾಂಬರು ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ಇಳಿದರೆ ಜಲ್ಲಿ ಸಡಿಲವಾಗಿ ಗುಂಡಿ ಬೀಳುತ್ತದೆ. ಗಲ್ಫ್‌ನ ಬಿಸಿಲಿನಲ್ಲಿ ಇನ್ನೊಂದು ತೊಂದರೆ: ಡಾಂಬರು ಮೆತ್ತಗಾಗಿ, ಭಾರಿ ಲಾರಿಗಳ ಚಕ್ರದ ಜಾಡು ತಗ್ಗಾಗುತ್ತದೆ.

ಇಲ್ಲಿ ಮುಖ್ಯವಾದುದು ಲಾರಿಯ ಒಟ್ಟು ತೂಕಕ್ಕಿಂತ ಒಂದೊಂದು ಆಕ್ಸಲ್, ಅಂದರೆ ಗಾಡಿಯ ಅಚ್ಚು, ಹೊರುವ ತೂಕ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಪರೀಕ್ಷಾ ರಸ್ತೆಗಳ ಮೇಲೆ ಲಾರಿಗಳನ್ನು ಓಡಿಸಿ ನೋಡಿದರು. ಅದರಿಂದ ಒಂದು ಅಂದಾಜು ಸೂತ್ರ ಸಿಕ್ಕಿತು: ಹಾನಿ ಆಕ್ಸಲ್ ಭಾರದ ನಾಲ್ಕನೆಯ ಘಾತದಂತೆ ಏರುತ್ತದೆ. ಭಾರ ಎರಡು ಪಟ್ಟಾದರೆ ಹಾನಿ 2×2×2×2, ಅಂದರೆ 16 ಪಟ್ಟು! 1 ಟನ್ ಹೊರುವ ಕಾರಿನ ಆಕ್ಸಲ್‌ಗಿಂತ 10 ಟನ್ ಹೊರುವ ಲಾರಿಯ ಆಕ್ಸಲ್ 10,000 ಪಟ್ಟು ಹಾನಿ ಮಾಡುತ್ತದೆ.

ನಮ್ಮ ಬಳ್ಳಾರಿಯ ಕಥೆ ಇದಕ್ಕೆ ಸಾಕ್ಷಿ. 2000ದ ದಶಕದಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆಯಿಂದ ಅಂಕೋಲಾ ಬಳಿಯ ಬೇಲೆಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಸಾಗಿದವು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಗಣಿ ವರದಿಗಳು ಈ ಅತಿಭಾರವನ್ನು ದಾಖಲಿಸಿದವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಲಾಭ ಕೆಲವರದಾಯಿತು, ಗುಂಡಿ, ಧೂಳು, ಅಪಘಾತದ ಭಯ ಮಾತ್ರ ದಾರಿಯುದ್ದದ ಊರುಗಳ ಪಾಲಾಯಿತು.

ಕಾನೂನು ಇದಕ್ಕೆಂದೇ ಇದೆ. ಯುಎಇ ಸರ್ಕಾರ 2023ರಲ್ಲಿ ಭಾರಿ ವಾಹನಗಳ ಒಟ್ಟು ತೂಕಕ್ಕೆ 65 ಟನ್‌ಗಳ ಮಿತಿಯನ್ನು ಪ್ರಕಟಿಸಿತು. ಭಾರತದಲ್ಲಿ ನಾಲ್ಕು ಟೈರುಗಳ ಒಂದು ಆಕ್ಸಲ್‌ನ ಮಿತಿಯನ್ನು 2018ರಲ್ಲಿ 10.2 ಟನ್‌ನಿಂದ 11.5 ಟನ್‌ಗೆ ಏರಿಸಿದರು. ಏರಿಕೆ ಸುಮಾರು ಶೇಕಡಾ 13 ಮಾತ್ರ. ಸೂತ್ರದ ಪ್ರಕಾರ ಹಾನಿ ಸುಮಾರು ಶೇಕಡಾ 60 ಹೆಚ್ಚು.

ಹಾಗೆಂದು ಲಾರಿಗಳನ್ನು ದ್ವೇಷಿಸಬೇಕಿಲ್ಲ. ನಾವು ಉಣ್ಣುವ ಅಕ್ಕಿ, ಓದುವ ಪುಸ್ತಕ ಬರುವುದು ಅವುಗಳಲ್ಲೇ. ಅದೇ ಸರಕನ್ನು ಹೆಚ್ಚು ಆಕ್ಸಲ್‌ಗಳ ಮೇಲೆ ಹಂಚಿದರೆ ರಸ್ತೆ ಬಾಳುತ್ತದೆ. ಅತಿಯಾದರೆ ಅಮೃತವೂ ವಿಷವೆಂದು ಹಿರಿಯರು ಹೇಳಿದ್ದು ರಸ್ತೆಗೂ ಸಲ್ಲುತ್ತದೆ.

ಲೆಕ್ಕ ಮಾಡಿ: 10 ಟನ್ ಹೊರಬೇಕಾದ ಆಕ್ಸಲ್ ಮೇಲೆ 15 ಟನ್ ಹೇರಿದರೆ ಹಾನಿ ಎಷ್ಟು ಪಟ್ಟು? ಎಲ್ಲ ಲಾರಿಗಳೂ ಹೀಗೆಯೇ ಓಡಿದರೆ 20 ವರ್ಷ ಬಾಳಬೇಕಾದ ರಸ್ತೆ ಎಷ್ಟು ವರ್ಷ ಬಾಳೀತು? (ಉತ್ತರ: ಸುಮಾರು 5 ಪಟ್ಟು, ಸುಮಾರು 4 ವರ್ಷ.)