ಕ್ಯಾನ್ಸರ್ ಚಿಕಿತ್ಸಾ ಪ್ರಯೋಗ: ಸಹಿಗೆ ಮುನ್ನ ಮಾತು

ಕ್ಯಾನ್ಸರ್ ರೋಗಿಯ ಮುಂದೆ ವೈದ್ಯರು ‘ಚಿಕಿತ್ಸಾ ಪ್ರಯೋಗ’ದ ಮಾತೆತ್ತಿದೊಡನೆ ಮನೆಯವರ ಮುಖ ಬಾಡುತ್ತದೆ. ‘ನಮ್ಮವರ ಮೇಲೆ ಪ್ರಯೋಗವೇ? ಇವರೇನು ಇಲಿಯೇ, ಮೊಲವೇ?’ ಎಂಬ ಸಂಶಯ ಸಹಜ. ಆದರೆ ಸಂಶಯವನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಎದ್ದುಬರುವುದೂ ಸರಿಯಲ್ಲ, ಏನೂ ಕೇಳದೆ ಸಹಿ ಹಾಕುವುದೂ ಸರಿಯಲ್ಲ. ಮೊದಲು ಆಗಬೇಕಾದುದು ವೈದ್ಯ ಮತ್ತು ರೋಗಿಯ ನಡುವೆ ಬಿಚ್ಚುಮನಸ್ಸಿನ ಮಾತುಕತೆ.

ಏನಿದು ಪ್ರಯೋಗ?

ಹೊಸ ಔಷಧವೊಂದನ್ನು ಮೊದಲು ಕೆಲವೇ ರೋಗಿಗಳಿಗೆ ಕೊಟ್ಟು, ಎಷ್ಟು ಪ್ರಮಾಣ ಸುರಕ್ಷಿತ ಎಂದು ನೋಡುತ್ತಾರೆ. ಎರಡನೆಯ ಹಂತದಲ್ಲಿ ಅದರಿಂದ ಗಡ್ಡೆ ಕುಗ್ಗುವುದೇ ಎಂದು ಪರೀಕ್ಷಿಸುತ್ತಾರೆ. ಮೂರನೆಯ ಹಂತದಲ್ಲಿ ಹೊಸ ಚಿಕಿತ್ಸೆಯನ್ನು, ಈಗ ಬಳಕೆಯಲ್ಲಿರುವ ಉತ್ತಮ ಚಿಕಿತ್ಸೆಯೊಂದಿಗೆ ಹೋಲಿಸುತ್ತಾರೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ ತೀರ್ಮಾನವಾಗುತ್ತದೆ. ವೈದ್ಯರೂ ಆರಿಸುವಂತಿಲ್ಲ, ರೋಗಿಯೂ ಆರಿಸುವಂತಿಲ್ಲ.

‘ಯಾವುದು ಒಳ್ಳೆಯದೆಂದು ಡಾಕ್ಟರಿಗೇ ಗೊತ್ತಿಲ್ಲವೇ?’ ಎಂದು ನೀವು ಕೇಳಬಹುದು. ಗೊತ್ತಿಲ್ಲ ಎಂಬುದೇ ನಿಜ. ಗೊತ್ತಿದ್ದರೆ ಪ್ರಯೋಗ ನಡೆಸುವುದೇ ತಪ್ಪಾಗುತ್ತಿತ್ತು. ಇದನ್ನು ರೋಗಿಯ ಎದುರು ಹೇಳುವುದು ವೈದ್ಯರಿಗೆ ಸುಲಭವಲ್ಲ.

ವೈದ್ಯರೇ ಹಿಂಜರಿದಾಗ

ಸ್ತನ ಕ್ಯಾನ್ಸರ್ ಬಂದರೆ ಇಡೀ ಸ್ತನವನ್ನೇ ತೆಗೆಯುವುದು ಒಂದು ಕಾಲದಲ್ಲಿ ರೂಢಿಯಾಗಿತ್ತು. ಗಂಟನ್ನಷ್ಟೇ ತೆಗೆದರೆ ಸಾಲದೇ ಎಂದು ತಿಳಿಯಲು ಡಾ. ಬರ್ನಾರ್ಡ್ ಫಿಶರ್ ಅವರ ಮುಂದಾಳತ್ವದಲ್ಲಿ 1976ರಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ದೊಡ್ಡ ಪ್ರಯೋಗವೊಂದು ಆರಂಭವಾಯಿತು. ಆದರೆ ಅದಕ್ಕೆ ಸೇರುವವರೇ ಕಡಿಮೆ. ಅದು ಅರ್ಧಕ್ಕೇ ನಿಂತುಹೋಗುವ ಸ್ಥಿತಿ ಬಂತು.

ಕಾರಣವೇನೆಂದು 94 ಮುಖ್ಯ ಶಸ್ತ್ರವೈದ್ಯರನ್ನು ಪ್ರಶ್ನಾವಳಿಯ ಮೂಲಕ ಕೇಳಲಾಯಿತು. 1984ರಲ್ಲಿ ಪ್ರಕಟವಾದ ಅವರ ಉತ್ತರಗಳು ಕಣ್ತೆರೆಸುವಂಥವು. ಅರ್ಹ ರೋಗಿಗಳೆಲ್ಲರನ್ನೂ ಸೇರಿಸದ ವೈದ್ಯರಲ್ಲಿ ಶೇ. 73 ಮಂದಿ, ಇದರಿಂದ ರೋಗಿಯೊಂದಿಗಿನ ತಮ್ಮ ಸಂಬಂಧ ಕೆಡಬಹುದೆಂದು ಅಂಜಿದ್ದರು. ಶೇ. 38 ಮಂದಿಗೆ ಒಪ್ಪಿಗೆ ಪಡೆಯುವುದೇ ಕಷ್ಟವಾಗಿತ್ತು. ‘ಖಚಿತವಾಗಿ ಗೊತ್ತಿಲ್ಲ’ ಎಂದು ಮನಬಿಚ್ಚಿ ಚರ್ಚಿಸುವುದು ಶೇ. 22 ಮಂದಿಗೆ ಇಷ್ಟವಿರಲಿಲ್ಲ. ಅಂದರೆ, ಅಡಚಣೆ ಇದ್ದುದು ರೋಗಿಗಳ ಅಂಜಿಕೆಯಲ್ಲಿ ಮಾತ್ರವಲ್ಲ, ವೈದ್ಯರ ಹಿಂಜರಿಕೆಯಲ್ಲಿಯೂ.

ಕೊನೆಗೆ 2 ಸಾವಿರಕ್ಕೂ ಹೆಚ್ಚು ಮಹಿಳೆಯರು ಸೇರಿದರು. ಗಂಟು 4 ಸೆಂ.ಮೀ.ವರೆಗೆ ಇದ್ದವರಲ್ಲಿ ಸ್ತನ ಉಳಿಸಿಕೊಂಡರೂ ಆಯುಷ್ಯ ಕಡಿಮೆಯಾಗದೆಂದು 1985ರಲ್ಲಿ ತಿಳಿದುಬಂತು. 2002ರಲ್ಲಿ ಪ್ರಕಟವಾದ 20 ವರ್ಷಗಳ ಫಲಿತಾಂಶವೂ ಅದನ್ನೇ ಹೇಳಿತು. ಗಂಟು ತೆಗೆದ ಮೇಲೆ ವಿಕಿರಣ ಚಿಕಿತ್ಸೆ ಪಡೆಯದವರಲ್ಲಿ ಶೇ. 39 ಮಂದಿಗೆ ಅದೇ ಸ್ತನದಲ್ಲಿ ರೋಗ ಮರುಕಳಿಸಿದ್ದರೆ, ಪಡೆದವರಲ್ಲಿ ಈ ಪ್ರಮಾಣ ಶೇ. 14 ಮಾತ್ರ. ಇಂದು ನಮ್ಮ ಊರುಗಳ ಹೆಣ್ಣುಮಕ್ಕಳೂ ಸ್ತನ ಉಳಿಸುವ ಶಸ್ತ್ರಕ್ರಿಯೆ ಪಡೆಯುತ್ತಿರುವುದರ ಹಿಂದೆ ಅಂದು ಒಪ್ಪಿದ ಆ ಮಹಿಳೆಯರ ಋಣವಿದೆ.

ಕೇಳಿದರೆ ಒಪ್ಪುವವರುಂಟು

ಅಮೆರಿಕದ 2 ಕ್ಯಾನ್ಸರ್ ಕೇಂದ್ರಗಳಲ್ಲಿ ವೈದ್ಯ-ರೋಗಿಗಳ 235 ಭೇಟಿಗಳನ್ನು ವಿಡಿಯೊ ಚಿತ್ರೀಕರಿಸಿ ಅಧ್ಯಯನ ಮಾಡಲಾಯಿತು. 2008ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಪ್ರಯೋಗಕ್ಕೆ ಸೇರುವಂತೆ ಸ್ಪಷ್ಟವಾಗಿ ಆಹ್ವಾನಿಸಿದ್ದು ಕೇವಲ ಶೇ. 20 ಭೇಟಿಗಳಲ್ಲಿ. ಹೀಗೆ ಆಹ್ವಾನ ಪಡೆದವರಲ್ಲಿ ಮುಕ್ಕಾಲು ಪಾಲು ಜನ ಒಪ್ಪಿದ್ದರು!

ಮನೆಯವರ ಮರೆಮಾಚುವಿಕೆ

ನಮ್ಮಲ್ಲಿ ಇನ್ನೊಂದು ತೊಡಕಿದೆ. ‘ಅಪ್ಪನಿಗೆ ಕಾಯಿಲೆಯ ಹೆಸರು ಹೇಳಬೇಡಿ ಡಾಕ್ಟ್ರೇ, ಧೈರ್ಯಗೆಡುತ್ತಾರೆ’ ಎಂದು ಮಕ್ಕಳು ಕೈಮುಗಿಯುತ್ತಾರೆ. ಅದು ಪ್ರೀತಿಯಿಂದ ಬಂದ ಮಾತೇ. ಆದರೆ ತನಗೇನಾಗಿದೆ ಎಂದೇ ತಿಳಿಯದವರು ಪ್ರಯೋಗಕ್ಕೆ ಒಪ್ಪಿಗೆ ಕೊಡುವುದಾದರೂ ಹೇಗೆ? ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕ ರೋಗಿಯ ಪರವಾಗಿ ಮಗನೋ ಗಂಡನೋ ಸಹಿ ಹಾಕಿದರೆ ಸಾಲದು.

ಭಾರತದಲ್ಲಿ 2019ರ ನಿಯಮಗಳ ಪ್ರಕಾರ ವಿವರಗಳನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕು. ಓದುಬರಹ ಬಾರದವರಿಗೆ ವಿವರಿಸುವಾಗ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಉದ್ದಕ್ಕೂ ಹಾಜರಿರಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಗೂ ಪರಿಹಾರಕ್ಕೂ ಅವಕಾಶವಿದೆ. ಹೊಸ ಔಷಧಗಳ ಪ್ರಯೋಗಗಳನ್ನು ಭಾರತೀಯ ಚಿಕಿತ್ಸಾ ಪ್ರಯೋಗ ನೋಂದಣಿಯಲ್ಲಿ ದಾಖಲಿಸುವುದು 2009ರಿಂದ ಕಡ್ಡಾಯ.

ಈ ಪ್ರಶ್ನೆಗಳನ್ನು ಕೇಳಿ

1. ಈ ಪ್ರಯೋಗದ ಉದ್ದೇಶವೇನು? ಯಾವ ಹಂತದಲ್ಲಿದೆ?
2. ಸೇರದಿದ್ದರೆ ನನಗೆ ಸಿಗುವ ಚಿಕಿತ್ಸೆ ಯಾವುದು?
3. ಅಡ್ಡಪರಿಣಾಮಗಳೇನು? ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಲಿ?
4. ಎಷ್ಟು ಸಲ ಆಸ್ಪತ್ರೆಗೆ ಬರಬೇಕು? ಖರ್ಚು ಯಾರದು?
5. ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕಿದೆಯೇ? ನೋಂದಣಿ ಸಂಖ್ಯೆ ಎಷ್ಟು?
6. ನಡುವೆ ಬಿಟ್ಟರೆ ಏನಾಗುತ್ತದೆ?

ಕೊನೆಯ ಪ್ರಶ್ನೆಗೆ ಉತ್ತರ ಒಂದೇ: ಯಾವಾಗ ಬೇಕಾದರೂ ಬಿಡಬಹುದು, ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ಕುಂದು ಬರಬಾರದು. ಆದರೆ ಹೇಳದೆ ಕೇಳದೆ ಔಷಧ ನಿಲ್ಲಿಸಬೇಡಿ. ವೈದ್ಯರಿಗೆ ತಿಳಿಸಿ ನಿಲ್ಲಿಸಿ.

ಒಂದು ಎಚ್ಚರ. ಹೊಸದೆಂದ ಮಾತ್ರಕ್ಕೆ ಉತ್ತಮವೆಂದಲ್ಲ. ‘ಖಂಡಿತ ಗುಣವಾಗುತ್ತದೆ’ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಇಷ್ಟೆಲ್ಲ ಮಾತಿಗೆ ಬಿಡುವು ಸಿಗದಿರಬಹುದು. ಆಗ ಇನ್ನೊಂದು ದಿನ ಸಮಯ ಕೇಳಿ. ಮಾಹಿತಿ ಪತ್ರವನ್ನು ಮನೆಗೆ ತನ್ನಿ, ನಂಬಿಕೆಯ ಕುಟುಂಬ ವೈದ್ಯರಿಗೆ ತೋರಿಸಿ. ತಿಳಿದುಕೊಂಡದ್ದನ್ನು ನಿಮ್ಮದೇ ಮಾತಿನಲ್ಲಿ ವೈದ್ಯರ ಮುಂದೆ ಒಮ್ಮೆ ಹೇಳಿ, ತಪ್ಪಿದ್ದರೆ ಅವರು ತಿದ್ದುತ್ತಾರೆ. ಆಮೇಲೆ ನೀವು ಒಪ್ಪಿದರೂ ಸರಿ, ಒಪ್ಪದಿದ್ದರೂ ಸರಿ. ತೀರ್ಮಾನ ಮಾತ್ರ ನಿಮ್ಮದೇ ಆಗಿರಲಿ.